ಹತ್ತಿಗುಂಡದ ಉಬ್ಬರ ಇಳಿತ

ಹಿಂದಿನ ಕಾಲದ ವೀರರ ಹೆಗಲ ಮೇಲೆ ಗದೆ ಇರುತ್ತಿತ್ತಂತೆ. ಹತ್ತಿಗುಂಡದ ಭೀಮಶ್ಯಾನ ಹೆಗಲ ಮೇಲೆ ವಾಲ್ವಿನ ಚಾವಿ ಇರುತ್ತದೆ. ಚಾವಿ ಎಂದರೆ ಜೇಬಿಗೆ ಹಾಕಿಕೊಳ್ಳುವಂಥದ್ದಲ್ಲ. ಆಳೆತ್ತರದ ಕಬ್ಬಿಣದ ಸರಳು, ತುದಿಗೊಂದು ಅಡ್ಡ ಹಿಡಿಕೆ. ಓಣಿಯ ತಿರುವಿನ ಗುಂಡಿಯೊಳಗೆ ಅದನ್ನು ಇಳಿಸಿ ಹಲ್ಲು ಕಚ್ಚಿ ತಿರುಗಿಸಿದರೆ ಆ ಓಣಿಯ ನಳಗಳಿಗೆ ನೀರು ಹೋಗುತ್ತದೆ. ವೀರರಿಗಾದರೆ ಯುದ್ಧ ಮುಗಿದ ಮೇಲೆ ಗದೆಯನ್ನು ಗೋಡೆಗೆ ಆನಿಸಿಟ್ಟು ಮಲಗುವ ಅನುಕೂಲವಿತ್ತು. ಭೀಮಶ್ಯಾನ ಯುದ್ಧ ಮುಗಿಯುವುದು ಎಲ್ಲಿ ಬಂತು? ಊರು ದಿನಾ ಕುಡಿಯುತ್ತದೆ, ದಿನಾ ತೊಳೆಯುತ್ತದೆ, ದಿನಾ ಬಯ್ಯುತ್ತದೆ.

ಸಿಂದಗಿಯಿಂದ ದೇವರ ಹಿಪ್ಪರಗಿಯ ಕಡೆಗೆ ಹೋಗುವ ಬಸ್ಸಿನಿಂದ ಇಳಿದು ಜೋಳದ ಹೊಲಗಳ ನಡುವೆ ಒಂದಿಷ್ಟು ನಡೆದರೆ ಹತ್ತಿಗುಂಡ. ದಿಬ್ಬವೊಂದರ ಮೇಲೆ ತಲೆಯಿಟ್ಟು, ಹಳ್ಳದಲ್ಲಿ ಕಾಲು ಚಾಚಿ ಮಲಗಿದ ಊರು. ತಲೆಯ ಕಡೆಗೆ ವಾಡೆ ಓಣಿ: ಹಳೆಯ ಜಮೀನುದಾರರು, ನಿವೃತ್ತ ಮಾಸ್ತರರು. ಹೊಟ್ಟೆಯ ಕಡೆಗೆ ಅಗಸಿ ಓಣಿ. ಕಾಲ ಕಡೆಗೆ ಹಳ್ಳದ ಓಣಿ. ಅಲ್ಲಿ ಬುದ್ಧವಿಹಾರದ ಪಕ್ಕದಲ್ಲಿ ಭೀಮಶ್ಯಾನ ಮನೆ. ನೀರಿನ ಟಾಕಿಯನ್ನು ಕಟ್ಟಿಸಿದವರು ದಿಬ್ಬ ಹತ್ತುವ ಬೇಸರಕ್ಕೋ ಏನೋ, ಅದನ್ನು ಅಗಸಿ ಓಣಿಯ ಹಿಂದೆಯೇ ಕಂಬಗಳ ಮೇಲೆ ನಿಲ್ಲಿಸಿ ಕೈ ತೊಳೆದುಕೊಂಡಿದ್ದರು. ಅದರ ಪರಿಣಾಮವನ್ನು ಇಡೀ ಊರು ಕೊಡ ಹಿಡಿದು ಅನುಭವಿಸುತ್ತಿತ್ತು. ಹಳ್ಳದ ಓಣಿಯಲ್ಲಿ ನಳ ಬಿಟ್ಟರೆ ಕೊಡ ಉರುಳುವಷ್ಟು ರಭಸ. ಅಗಸಿ ಓಣಿಯಲ್ಲಿ ಮರ್ಯಾದಸ್ಥ ಧಾರೆ. ವಾಡೆ ಓಣಿಯಲ್ಲಿ ನಳ ಮೊದಲು ಕೆಮ್ಮುತ್ತದೆ, ಆಮೇಲೆ ಸೀಟಿ ಹೊಡೆಯುತ್ತದೆ, ಕಡೆಗೆ ನೆಗಡಿಯಾದ ಮುದುಕನ ಮೂಗಿನಂತೆ ನಾಲ್ಕು ಹನಿ ಉದುರಿಸಿ ಸುಮ್ಮನಾಗುತ್ತದೆ.

ಚಾವಿ ಅದೇ, ಕೈ ಅದೇ, ತಿರುಗಿಸುವ ಸುತ್ತುಗಳೂ ಅವೇ. ಆದರೆ ಆ ಕೈಯ ಮಾಲೀಕನ ಮನೆ ಹಳ್ಳದ ಓಣಿಯಲ್ಲಿದೆಯಲ್ಲ! ವಾಡೆ ಓಣಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

“ತನ್ನ ಓಣಿಗೆ ಹೊಳಿ, ನಮ್ಮ ಓಣಿಗೆ ಹನಿ,” ಎಂದು ರಂಗೂಬಾಯಿ ದಿನಾ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು. ಆಕೆ ವಾಡೆ ಓಣಿಯ ಹಿರಿಯಳು, ಎಪ್ಪತ್ತು ದಾಟಿದ ವಿಧವೆ, ಮಗ ಸುಧೀರ ಮತ್ತು ಸೊಸೆ ಸಂಪದಾಳ ಜೊತೆ ದೊಡ್ಡ ಮನೆಯಲ್ಲಿದ್ದಳು. ಮನೆಯಲ್ಲಿ ಮರಾಠಿಯಲ್ಲಿ ಬಯ್ದು, ಬಾಗಿಲ ಹೊರಗೆ ಬಂದು ಅದನ್ನೇ ಕನ್ನಡದಲ್ಲಿ ಬಯ್ಯುವಷ್ಟು ಎರಡೂ ಭಾಷೆ ಚೊಕ್ಕ.

ಭೀಮಶ್ಯಾ ಮೊದಮೊದಲು ಉತ್ತರ ಕೊಡುತ್ತಿದ್ದ. “ನೀರು ತಾನs ಬರ್ತೈತ್ರಿ ಬಾಯಾರ, ನಾ ಬರೇ ವಾಲ್ವ ತಿರುವಾಂವ.” ಆಮೇಲಾಮೇಲೆ ಅದೂ ಬಿಟ್ಟ. ಐವತ್ತೆಂಟರ ಮೈ, ಚಾವಿ ಹೊತ್ತ ಹೆಗಲು ಇನ್ನೊಂದಕ್ಕಿಂತ ತಗ್ಗಾಗಿತ್ತು, ಮೊಣಕಾಲು ಮೆಟ್ಟಿಲು ಕಂಡರೆ ಮುಖ ತಿರುಗಿಸುತ್ತಿತ್ತು. ಪ್ರತಿ ಏಪ್ರಿಲಿನಲ್ಲಿ “ಈ ಸಲ ಜಯಂತಿ ಮುಗೀಲಿ, ಚಾವಿ ಕೊಟ್ಟs ಬಿಡ್ತೇನಿ” ಎಂದು ಹೆಂಡತಿ ಸಾವಂತ್ರವ್ವನಿಗೆ ಹೇಳುತ್ತಿದ್ದ. ಅವಳು ಪ್ರತಿ ಏಪ್ರಿಲಿನಲ್ಲಿ “ಹೂಂ” ಎನ್ನುತ್ತಿದ್ದಳು.

ಈ ವರ್ಷ ನಿಜವಾಗಿಯೂ ಕೊಟ್ಟುಬಿಡುತ್ತಿದ್ದನೇನೋ. ಅಷ್ಟರಲ್ಲಿ ರಂಗೂಬಾಯಿ ಪಂಚಾಯತಿಗೆ ಹೋಗಿ, ಭೀಮಶ್ಯಾ ಓಣಿ ನೋಡಿ ನೀರು ಬಿಡುತ್ತಾನೆ, ಅವನ ಚಾವಿ ಕಸಿದುಕೊಳ್ಳಬೇಕು ಎಂದು ದೂರು ಹೇಳಿದಳು. ಅಧ್ಯಕ್ಷ ಧೂಳಪ್ಪ ಯಾರನ್ನೂ ನೋಯಿಸದೆ ಎಲ್ಲರನ್ನೂ ಕಾಯಿಸುವ ಸ್ವಭಾವದವನು. ಸಭೆ ಕರೆಯುವುದಾಗಿ ಹೇಳಿದ. ಭೀಮಶ್ಯಾನ ವಿಶ್ರಾಂತಿಗೆ ಅಲ್ಲಿಗೆ ಕಲ್ಲು ಬಿತ್ತು. ದಣಿದು ಕೆಳಗಿಡುವ ಚಾವಿ ಬೇರೆ, ಕಳ್ಳನೆಂದು ಕಸಿದುಕೊಂಡ ಚಾವಿ ಬೇರೆ. ಮಗಳು ಸಂಘಮಿತ್ರಾ ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಕಳ್ಳ ವಾಟರ್‌ಮನ್ನಿನ ಮಗಳು ಎಂದು ಅವಳನ್ನು ಯಾರಾದರೂ ಕರೆದರೆ? ಹೀಗಾಗಿ, ಕೆಳಗಿಡಬೇಕೆಂದಿದ್ದ ಭಾರವನ್ನು ಅವನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳಬೇಕಾಯಿತು.

ಸಭೆಗೆ ಮೊದಲು ಒಂದು ಪ್ರಯಾಣವಿತ್ತು. ಹೊರ್ತಿಯವನಾದ ಭೀಮು, ಅಂದರೆ ಸಾವಂತ್ರವ್ವನ ತಮ್ಮ, ಸಮುದ್ರದ ಹೂಳು ತೆಗೆಯುವ ಬಾರ್ಜಿನಲ್ಲಿ ಫಿಟರ್ ಆಗಿ ಗುಜರಾತಿನ ಭಾವನಗರದ ಕಡೆಗಿದ್ದ. ಅವನ ಮೊಮ್ಮಗುವಿಗೆ ಹೆಸರಿಡುವುದಿತ್ತು. ಗಂಡಹೆಂಡಿರು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟರು. ಅಷ್ಟು ದಿನಕ್ಕೆ ಚಾವಿಯನ್ನು ಅಗಸಿ ಓಣಿಯ ನಿಯಾಜನಿಗೆ ಒಪ್ಪಿಸಿದ್ದಾಯಿತು. ನಿಯಾಜ ತಿರುಗಿಸಿದಾಗಲೂ ವಾಡೆ ಓಣಿಯ ನಳ ಕೆಮ್ಮಿತು, ಸೀಟಿ ಹೊಡೆಯಿತು. “ಕೈ ಬದಲಾದರ ಏನಾತು? ಹ್ಯಾಂಗ ತಿರುಗಿಸಬೇಕು ಅಂತ ಅವನs ಕಲಿಸಿ ಹೋಗ್ಯಾನ,” ಎಂದಳು ರಂಗೂಬಾಯಿ. ಇಂಥ ತರ್ಕಕ್ಕೆ ಎದುರಾಗಿ ದೊಡ್ಡ ದೊಡ್ಡ ವಕೀಲರೂ ಕರಿ ಕೋಟು ಕಳಚಿಡಬೇಕು.

ಸಮುದ್ರ ಭೀಮಶ್ಯಾನಿಗೆ ಹೊಸದಲ್ಲ. ಭೀಮು ಹಿಂದೆ ಕಾರವಾರದ ಕಡೆ ಕೆಲಸದಲ್ಲಿದ್ದಾಗ ಹೋಗಿ ನೋಡಿಕೊಂಡು ಬಂದಿದ್ದ. ಅಲ್ಲಿ ನೀರು ದಿನಕ್ಕೆ ಎರಡು ಸಲ ಆಳಿನ ಪಾದದಿಂದ ಎದೆಯವರೆಗೆ ಅನ್ನುವಷ್ಟು ಏರುತ್ತಿತ್ತು, ಎರಡು ಸಲ ಇಳಿಯುತ್ತಿತ್ತು. ಊರಿಗೆ ಬಂದು “ಸಮುದ್ರ ಎದಿಮಟ ಏರತೈತಿ” ಎಂದು ಘೋಷಿಸಿ, ಚಹಾದಂಗಡಿಯಲ್ಲಿ ಹಲವು ವರ್ಷ ಸಮುದ್ರದ ಪಂಡಿತನಾಗಿ ಮೆರೆದಿದ್ದ. ನೀರಿನ ವಿಷಯದಲ್ಲಿ ಊರು ಅವನನ್ನು ನಂಬಿದ್ದು ಅದೊಂದು ಮಾತಿನಲ್ಲಿ ಮಾತ್ರ, ಯಾಕೆಂದರೆ ಆ ನೀರಿನಲ್ಲಿ ಯಾರಿಗೂ ಪಾಲಿರಲಿಲ್ಲ.

ಭಾವನಗರದ ಕಡೆ ಆ ಪಾಂಡಿತ್ಯ ಒಂದೇ ಹೊತ್ತಿನಲ್ಲಿ ನೆಲಕಚ್ಚಿತು. ಬೆಳಿಗ್ಗೆ ಭೀಮು ಕರೆದೊಯ್ದು ತೋರಿಸಿದಾಗ ಸಮುದ್ರವೇ ಇರಲಿಲ್ಲ. ಕಣ್ಣು ಹೋಗುವವರೆಗೆ ಕೆಸರು. ದೊಡ್ಡದೊಂದು ದೋಣಿ ಕೆಸರಿನಲ್ಲಿ ಎಮ್ಮೆಯ ಹಾಗೆ ಪಕ್ಕಕ್ಕೆ ವಾಲಿ ಮಲಗಿತ್ತು. ಉಂಡು, ಒಂದು ನಿದ್ದೆ ತೆಗೆದು ಮತ್ತೆ ಹೋಗಿ ನೋಡುತ್ತಾನೆ: ನೀರು ಗೋಡೆಯ ಮೇಲ್ತುದಿಯಲ್ಲಿ ಕುಣಿಯುತ್ತಿದೆ, ಬೆಳಿಗ್ಗೆ ಕಾಲ ಕೆಳಗೆ ಮಲಗಿದ್ದ ದೋಣಿ ತಲೆಯ ಮೇಲೆ ನಿಂತಿದೆ. ಮೂರಂತಸ್ತಿನ ಮನೆಯೊಂದು ಮುಳುಗಿಹೋಗುವಷ್ಟು ಏರಿದೆ! ಭೀಮಶ್ಯಾ ಅಲ್ಲೇ ಕೂತುಬಿಟ್ಟ. ಕಾರವಾರಕ್ಕೆ ಎದೆಮಟ್ಟ, ಇಲ್ಲಿಗೆ ಮೂರಂತಸ್ತು. ಒಂದೇ ಸಮುದ್ರ, ಒಂದೇ ದಂಡೆಯ ಸಾಲು. ಜೀವಮಾನವಿಡೀ ನೀರು ಬಿಟ್ಟ ಮನುಷ್ಯನ ಬಾಯಿಂದ ಬರುವ ಪ್ರಶ್ನೆ ಒಂದೇ.

“ಇಲ್ಲಿ ಬಿಡಾಂವ ಯಾವನೋ?”

“ಯಾರೂ ಬಿಡೂದಿಲ್ಲ ಮಾವಾ, ತಾನs ಬರ್ತೈತಿ,” ಎಂದ ಭೀಮು.

“ತಾನs ಬರ್ತೈತಂತ. ಮತ್ತ ಅದೇನು?” ಎಂದು ಭೀಮಶ್ಯಾ ಕೈ ತೋರಿಸಿದ ಕಡೆಗೆ ನಿಜವಾಗಿಯೂ ಒಂದು ದೊಡ್ಡ ಕಬ್ಬಿಣದ ಗೇಟು ಇತ್ತು. ಉಬ್ಬರದಲ್ಲಿ ಒಳಬಂದ ನೀರು ಇಳಿತದಲ್ಲಿ ಓಡಿಹೋಗದಂತೆ, ಒಳಗಿನ ದೋಣಿಗಳು ಕೆಸರಿಗೆ ಬೀಳದಂತೆ ತಡೆಯುವ ಗೇಟು ಅದು. ಭೀಮಶ್ಯಾನ ಕಣ್ಣಿಗೆ ಅದು ಲೋಕದ ಅತಿ ದೊಡ್ಡ ವಾಲ್ವು. ಅದರ ಪಕ್ಕದಲ್ಲಿ ಬೀಡಿ ಸೇದುತ್ತ ಕೂತವನು ಲೋಕದ ಅತಿ ದೊಡ್ಡ ಪಕ್ಷಪಾತಿ.

ಹೋಗಿ ಅವನೆದುರು ಸೊಂಟಕ್ಕೆ ಕೈಯಿಟ್ಟು ನಿಂತು, ನಮ್ಮ ಕಡೆಯ ಹಿಂದಿಯಲ್ಲಿ ಕೇಳಿದ: “ಕ್ಯಾ ಭಾಯ್, ಹಮಾರೆ ಕಾರವಾರಕೋ ಇತ್ತಾಸಾ ಪಾನಿ, ಇಧರ್ ಇತ್ತಾ. ಕಾಯಕೋ?” ಇಲ್ಲಿಗೆ ಇಷ್ಟು, ನಮಗೆ ಅಷ್ಟೇ ಯಾಕೆ ಎಂದು.

ಗೇಟಿನವನು ಅವನನ್ನು ಮೇಲಿಂದ ಕೆಳಗೆ ನೋಡಿದ. ದಣಿದ ಮುಖ, ಒಂದು ಕಡೆ ತಗ್ಗಿದ ಹೆಗಲು. ನೀರು ತಾನಾಗಿಯೇ ಬರುತ್ತದೆ ಮಾರಾಯ, ನಾನು ಗೇಟು ತೆರೆಯುವವನು ಮಾತ್ರ ಎಂದು ತನ್ನ ಹಿಂದಿಯಲ್ಲಿ ಹೇಳಿ ಬೀಡಿಯ ಬೂದಿ ಕೊಡವಿದ.

“ಕೇಳಿದಿ ಭೀಮ್ಯಾ? ಎಲ್ಲಾ ಕಳ್ಳರದೂ ಇದs ಮಾತು,” ಎಂದ ಭೀಮಶ್ಯಾ ಮೈದುನನಿಗೆ, ಭಾರಿ ಜಯ ಸಾಧಿಸಿದವನಂತೆ.

ಆ ಮಾತು ಯಾರದು ಎಂಬುದು ಅವನಿಗೆ ಹೊಳೆದಾಗ ರೈಲು ಸುರತ್ ದಾಟಿತ್ತು. ಅಲ್ಲಿಂದ ಊರು ಮುಟ್ಟುವ ತನಕ ಅವನು ರೊಟ್ಟಿಯ ಗಂಟನ್ನೂ ಬಿಚ್ಚಲಿಲ್ಲ.

ಭಾನುವಾರ ಸಂಘಮಿತ್ರಾ ಮನೆಗೆ ಬಂದಾಗ ಅಪ್ಪ ಕೇಳಿದ ಮೊದಲ ಮಾತು ಅದೇ. “ಯವ್ವಾ, ಕಾರವಾರಕ್ಕ ಕಡಿಮಿ, ಅಲ್ಲಿಗೆ ಜಾಸ್ತಿ. ಯಾಕ? ಯಾವನೂ ಬಿಡೂದಿಲ್ಲ ಅಂದ್ರ ಹಂಚಾವ್ರು ಯಾರು?”

“ಯಾರೂ ಹಂಚೂದಿಲ್ಲಪಾ. ಚಂದ್ರಾಮ ಎಳೀತಾನ, ಸೂರ್ಯ ಒಂದೀಟು ಕೈ ಹಚ್ಚತಾನ. ನಡುಸಮುದ್ರದಾಗ ನೋಡಿದ್ರ ನೀರು ಏರೂದು ಮೊಣಕಾಲಮಟ ಅಷ್ಟs.”

“ಮತ್ತ ದಂಡಿಗೆ ಬಂದು ಮೂರಂತಸ್ತು ಹ್ಯಾಂಗ ಹತ್ತತೈತಿ?”

“ಕುರಿ ಹಿಂಡು ನೋಡೀದಿ ಇಲ್ಲೋ? ಬಯಲಾಗ ಬರೂಮುಂದ ಹರಡಿಕೊಂಡು ಆರಾಮ ಬರ್ತಾವ. ಅದs ಹಿಂಡು ಸಣ್ಣ ಸಂದಿ ಹೊಕ್ಕರ?”

“ಒಂದರ ಮ್ಯಾಲೊಂದು ಹತ್ತತಾವ.”

“ಹಾಂ. ಭಾವನಗರ ಇರೂದು ಸಮುದ್ರದ ಅಂಥಾ ಒಂದು ಸಂದ್ಯಾಗ. ಬಾಯಿ ಅಗಲ, ಒಳಗೊಳಗ ಸಣ್ಣದಾಗ್ತಾ ಹೋಗತೈತಿ, ಆಳನೂ ಕಡಿಮಿ ಆಗತೈತಿ. ಹಿಂದಿನ ನೀರು ದಬ್ಬತೈತಿ, ಮುಂದಿನ ನೀರಿಗೆ ಜಾಗಾ ಇಲ್ಲ. ಮ್ಯಾಲೆ ಹತ್ತಬೇಕು. ಕಾರವಾರದ ಕಡೆ ದಂಡಿ ಬಯಲಿದ್ದಂಗ, ಸಂದಿ ಇಲ್ಲ.”

ಇಷ್ಟು ಸಾಲದೆಂದು ಅವಳು ಅಗಲ ತಟ್ಟೆಯಂಥ ಪರಾತಕ್ಕೆ ನೀರು ಸುರಿದು ಅಪ್ಪನ ಕೈಗೆ ಕೊಟ್ಟು ಅಲ್ಲಾಡಿಸಲು ಹೇಳಿದಳು. ಅವನು ಅಡ್ಡಾದಿಡ್ಡಿ ಅಲ್ಲಾಡಿಸಿದ. ನೀರು ಸುಮ್ಮನೆ ನಡುಗಿತು. “ಹಂಗಲ್ಲ, ತೊಟ್ಟಿಲ ತೂಗಿದಂಗ. ಅದು ಹೋಗೂಮುಂದ ನೀನೂ ಹೋಗು, ಬರೂಮುಂದ ಬಾ.” ಅವನು ನೀರಿನ ಓಲಾಟಕ್ಕೆ ಸರಿಯಾಗಿ ಕೈ ಆಡಿಸಿದ. ಎರಡೇ ಓಲಾಟಕ್ಕೆ ನೀರು ಪರಾತದ ಅಂಚು ಹಾರಿ ಸಾವಂತ್ರವ್ವ ನಾದಲು ಇಟ್ಟಿದ್ದ ಜೋಳದ ಹಿಟ್ಟಿನೊಳಗೆ ಬಿತ್ತು.

“ನಿಮ್ಮ ಸಮುದ್ರಕ್ಕ ಬೆಂಕಿ ಹಚ್ಚಲಿ! ಅಪ್ಪ ಮಗಳು ಕೂಡಿ ನನ್ನ ಹಿಟ್ಟು ಅಂಬಲಿ ಮಾಡಿದ್ರಿ!” ಎಂದು ಸಾವಂತ್ರವ್ವ ಕೂಗಿದಳು.

“ಆ ಕೊಲ್ಲಿಯೊಳಗ ನೀರು ಓಲಾಡೂ ಲಯ, ಚಂದ್ರಾಮ ಎಳೆಯೂ ಲಯ ಹತ್ತರ ಹತ್ತರ ಬರ್ತಾವಪಾ. ಅದಕ್ಕ ಇನ್ನಷ್ಟು ಏರತೈತಿ,” ಎಂದಳು ಸಂಘಮಿತ್ರಾ, ತಾಯಿಯ ಕೈಗೆ ಸಿಗದಂತೆ ಸರಿಯುತ್ತ. “ಅಮಾಸಿಗೆ, ಹುಣ್ವಿಗೆ ಸೂರ್ಯ ಚಂದ್ರಾಮ ಒಂದs ಸಾಲಿನಾಗ ನಿಂತು ಎಳೀತಾರ. ಅವಾಗ ಎಲ್ಲಾ ಕಡೆ ಜಾಸ್ತಿ.”

“ಹಂಗಾರ ಆಲಮಟ್ಟಿ ಹಿನ್ನೀರು ಯಾಕ ಏರೂದಿಲ್ಲ?”

“ಸಣ್ಣದು ಅದು. ಈ ದಂಡಿ, ಆ ದಂಡಿ ಎರಡನ್ನೂ ಚಂದ್ರಾಮ ಒಂದs ಸಮ ಎಳೀತಾನ. ಹೆಚ್ಚು ಕಡಿಮಿ ಆಗಾಕ ಸಮುದ್ರದಂಥಾ ಹರವು ಬೇಕು.”

ಭೀಮಶ್ಯಾ ಖಾಲಿ ಪರಾತವನ್ನು ಗೋಡೆಗೆ ಆನಿಸಿಟ್ಟ. “ಅಂದ್ರ ಆ ಗೇಟಿನಾಂವ ಕಳ್ಳಲ್ಲ,” ಎಂದ. ಅವನ ಮುಖದಲ್ಲಿ ಅಂಥ ಸಮಾಧಾನವನ್ನು ಸಾವಂತ್ರವ್ವ ಈಚೆಗೆ ಕಂಡಿರಲಿಲ್ಲ. ಹಿಟ್ಟಿನ ವಿಷಯವನ್ನು ಅಲ್ಲಿಗೆ ಬಿಟ್ಟಳು.

ಸಭೆಯ ದಿನ ಅವನು ಈ ಬ್ರಹ್ಮಾಸ್ತ್ರವನ್ನು ಬತ್ತಳಿಕೆಯಲ್ಲಿಟ್ಟುಕೊಂಡೇ ಪಂಚಾಯತಿಗೆ ಹೋದ. ರಂಗೂಬಾಯಿ ಮುಂದಿನ ಕುರ್ಚಿಯಲ್ಲಿ, ಸುಧೀರ ಅವಳ ಹಿಂದೆ. ಭೀಮಶ್ಯಾ ಎದ್ದು ನಿಂತು ಕಾರವಾರದಿಂದ ಶುರು ಮಾಡಿ, ಭಾವನಗರದ ಕೆಸರು, ಗೇಟಿನವನ ಬೀಡಿ, ಕುರಿ ಹಿಂಡು, ಪರಾತ ಎಲ್ಲವನ್ನೂ ಬೆವರು ಒರೆಸಿಕೊಳ್ಳುತ್ತ ಹೇಳಿದ. “ಎಳಿಯಾಂವ ಚಂದ್ರಾಮ ಒಬ್ಬನs. ಜಾಗಾ ಹ್ಯಾಂಗೈತಿ ಹಂಗ ನೀರು ಏರತೈತಿ. ಅಮಾಸಿ, ಹುಣ್ವಿಗೆ ಎಲ್ಲಾ ಕಡೆ ಜಾಸ್ತಿ, ಆದ್ರ ಒಂದs ಸಮ ಅಲ್ಲ. ಸಮುದ್ರಕ್ಕs ಹಂಗಿದ್ದಮ್ಯಾಲೆ ನಮ್ಮ ದಿಬ್ಬಕ್ಕ, ನಮ್ಮ ಹಳ್ಳಕ್ಕ ಒಂದs ಸಮ ಹ್ಯಾಂಗ ಬಿಡಲ್ರಿ?”

ಸಭೆ ಗಂಭೀರವಾಗಿ ಕೇಳಿತು. ಕೇಳಿದ್ದರಲ್ಲಿ ತನಗೆ ಬೇಕಾದ ಒಂದೇ ಒಂದು ಮಾತನ್ನು ಆರಿಸಿಕೊಂಡಿತು.

“ಅಮಾಸಿಗೆ ನೀರು ಏರತದ ಅಂದಿ?” ಎಂದಳು ರಂಗೂಬಾಯಿ.

“ಅದು ಸಮುದ್ರಕ್ಕರಿ ಬಾಯಾರ. ಟಾಕಿಗಲ್ಲ.”

“ನೀರು ನೀರs ಅಲ್ಲೇನು? ಇಷ್ಟು ದಿನ ಈ ಗುಟ್ಟು ಬಿಟ್ಟುಕೊಡಲಿಲ್ಲ ನೋಡ್ರಿ! ಧೂಳಪ್ಪಾ, ನಮ್ಮ ವಾಡೆ ಓಣಿ ಪಾಳಿ ಅಮಾಸಿಗೊಂದು ಹುಣ್ಣಿವಿಗೊಂದು ಇಡು. ಏರತದೋ ಇಲ್ಲೋ ನೋಡೇಬಿಡೋಣ.”

“ಬಾಯಾರ, ಅದು ಹಂಗಲ್ಲ...”

“ಹಂಗs ಆಗಲಿ!” ಎಂದ ಧೂಳಪ್ಪ. ಯಾವುದೇ ಜಗಳವನ್ನು ಹದಿನೈದು ದಿನ ಮುಂದೆ ಹಾಕಲು ಸೂರ್ಯ ಚಂದ್ರರೇ ನೆಪ ಒದಗಿಸಿದರೆ ಅವನು ಬಿಡುವವನೇ? “ಬರೂ ಅಮಾಸಿ, ಅದರ ಮುಂದಿನ ಹುಣ್ವಿ. ಎರಡೂ ದಿನ ವಾಡೆ ಓಣಿಗೆ ನೀರು ಬಂದ್ರ ಭೀಮಶ್ಯಾ ಸಾಚಾ. ಬರಲಿಲ್ಲಂದ್ರ ಓಣಿ ನೋಡಿ ನೀರು ಬಿಟ್ಟಾಂವ ಅಂತ ಹೇಳಿ ಚಾವಿ ತಗೊಂತೇವಿ.”

ಭೀಮಶ್ಯಾ ಮನೆಗೆ ಬಂದು ಮಂಚದ ಮೇಲೆ ಬಿದ್ದುಕೊಂಡ. ತನ್ನ ಮಾನವನ್ನು ತಾನೇ ಹೊತ್ತುಕೊಂಡು ಹೋಗಿ ಆಕಾಶದಲ್ಲಿ ನೇತುಹಾಕಿ ಬಂದಿದ್ದ.

ಅಮಾವಾಸ್ಯೆ ಬಂತು. ವಾಡೆ ಓಣಿಯ ಜನ ಕೊಡ, ಬಕೀಟು, ಹಂಡೆ, ಮದುವೆಯಲ್ಲಿ ಬಂದ ಹಿತ್ತಾಳೆಯ ಬೋಗುಣಿಗಳನ್ನೆಲ್ಲ ಸಾಲಾಗಿ ಇಟ್ಟು ಕಾದರು. ಭೀಮಶ್ಯಾ ನೇಣುಗಂಬಕ್ಕೆ ಹೋಗುವವನಂತೆ ದಿಬ್ಬ ಹತ್ತಿ, ಚಾವಿ ಇಳಿಸಿ, ಕಣ್ಣು ಮುಚ್ಚಿ ತಿರುಗಿಸಿದ. ನಳ ಕೆಮ್ಮಿತು. ಸೀಟಿ ಹೊಡೆಯಿತು. ಆಮೇಲೆ, ವಾಡೆ ಓಣಿಯ ಇತಿಹಾಸದಲ್ಲಿ ಕಾಣದ ಒಂದು ಗುಟುರು ಹಾಕಿ, ಹೆಬ್ಬೆರಳು ಗಾತ್ರದ ಧಾರೆ ಬೋಗುಣಿಯ ತಳಕ್ಕೆ ಬಡಿಯಿತು!

ಜಯಘೋಷವೊಂದು ಬಾಕಿ. ಸುಧೀರ ಮೊಬೈಲಿನಲ್ಲಿ ನಳದ ಫೋಟೋ ತೆಗೆದ. ರಂಗೂಬಾಯಿ ಧಾರೆಗೆ ಕೈಯೊಡ್ಡಿ ನೋಡಿ, ಬಾಯಿ ಸಿಹಿ ಮಾಡಿಕೊಂಡು ಹೋಗು ಎಂದು ಭೀಮಶ್ಯಾನಿಗೆ ಬೆಲ್ಲ ಕೊಡಿಸಿದಳು. ಎಲ್ಲರಿಗಿಂತ ಹೆಚ್ಚು ಬೆರಗಾದವನು ಭೀಮಶ್ಯಾನೇ. ಬೆಲ್ಲ ಚೀಪುತ್ತ ದಿಬ್ಬ ಇಳಿಯುವಾಗ ಅವನು ಆಕಾಶದ ಕಡೆಗೆ ಕಳ್ಳಗಣ್ಣಿನಲ್ಲಿ ನೋಡಿದ. ಕಾಣದ ಚಂದ್ರನಿಗೆ ಒಂದು ಕೈಯೆತ್ತಿ ಮುಗಿದ.

ಆ ಹದಿನೈದು ದಿನ ಅವನಿಗೆ ಎಂದೂ ಇಲ್ಲದ ಮರ್ಯಾದೆ. ಆಮೇಲೆ ಹುಣ್ಣಿಮೆ ಬಂತು. ಬೋಗುಣಿಗಳ ಸಾಲು ಮೊದಲಿಗಿಂತ ಉದ್ದವಾಗಿತ್ತು. ಭೀಮಶ್ಯಾ ಈ ಸಲ ಕಣ್ಣು ತೆರೆದೇ ತಿರುಗಿಸಿದ. ನಳ ಕೆಮ್ಮಿತು, ಸೀಟಿ ಹೊಡೆಯಿತು, ನಾಲ್ಕು ಹನಿ ಉದುರಿಸಿತು. ಅಷ್ಟೇ. ಮತ್ತೊಂದು ಸುತ್ತು ತಿರುಗಿಸಿದ. ಇನ್ನೊಂದು ಹನಿ.

“ಏನಪಾ ಭೀಮಶ್ಯಾ,” ಎಂದಳು ರಂಗೂಬಾಯಿ ಕಟ್ಟೆಯಿಂದ, ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದರೆ ಊರು ಹೆದರುತ್ತಿತ್ತು. “ಚಂದ್ರಾಮನ್ನೂ ನಿಮ್ಮ ಓಣಿಗೆ ಇಳಿಸಿಕೊಂಡಿಯೇನು?”

ಸುಧೀರ ಜೋರಾಗಿ ನಕ್ಕ. “ಬೇಕಂದಾಗ ಬಿಡತಾನ, ಬ್ಯಾಡಂದಾಗ ಬಂದ್ ಮಾಡತಾನ. ಅಮಾಸಿ ದಿನ ಬಿಟ್ಟಿದ್ದs ಸಾಕ್ಷಿ ಆತಲ್ಲ, ಆಯೀ. ಬಿಡಾಕ ಬರತದ, ಬಿಡೂದಿಲ್ಲ.”

ಧೂಳಪ್ಪ ಶುಕ್ರವಾರಕ್ಕೆ ಸಭೆ ಕರೆದ. ಚಾವಿ ತೆಗೆದುಕೊಂಡೇ ಬಾ ಎಂದು ಹೇಳಿ ಕಳಿಸಿದ.

ಸಂಘಮಿತ್ರಾ ಸುದ್ದಿ ಕೇಳಿ ರಜೆ ಹಾಕಿ ಬಂದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

“ಅಪ್ಪಾ, ಚಂದ್ರಾಮಂದೇ ಕೆಲಸಾ ಇದ್ದರ ಅಮಾಸಿ, ಹುಣ್ವಿ ಎರಡಕ್ಕೂ ಏರಬೇಕಿತ್ತು. ಅಮಾಸಿಗಷ್ಟs ಏರೇತಿ. ಅಂದ್ರ ಇದು ಚಂದ್ರಾಮನ ಕೆಲಸಲ್ಲ. ಅವತ್ತಿದ್ದು ಹುಣ್ವಿಗೆ ಇರದಂಥಾದ್ದು ಏನು?”

“ನನಗೇನು ಕೇಳ್ತಿ? ನಾ ಕಳ್ಳ.”

“ಹೇಳೋ ಅಪ್ಪಾ.”

“ಏನಿತ್ತು, ಅಮಾಸಿ ಇತ್ತು,” ಎಂದು ಅಡುಗೆಯ ಕಡೆಯಿಂದ ಸಾವಂತ್ರವ್ವ ಬಾಯಿ ಹಾಕಿದಳು. “ಊರs ಕೆಲಸಾ ಬಿಟ್ಟು ಕೂತಿರತೈತಿ. ಎತ್ತು ಹೂಡಂಗಿಲ್ಲ, ಹೊಲದಾಗ ಮೋಟರ ಹಚ್ಚಂಗಿಲ್ಲ. ಅವತ್ತೊಂದಿನ ನನ್ನ ಮಿಕ್ಸರ್ ಹ್ಯಾಂಗ ತಿರಗತೈತಿ ನೋಡು, ಗಾಳಿಗತೆ. ಉಳದ ದಿನ ಚಟ್ನಿಗೆ ಹಾಕಿದ್ರ ಬಾಣಂತಿ ಮುಲಕಿದಂಗ ಮುಲಕತೈತಿ.”

ಸಂಘಮಿತ್ರಾ ಎದ್ದು ನಿಂತಳು. “ಯವ್ವಾ! ಇನ್ನೊಮ್ಮೆ ಅನ್ನು!”

“ಮುಲಕತೈತಿ ಅಂದೆ. ಹೊಸಾದು ಕೊಡಸ್ತಿಯೇನು?”

ಊರಿನ ನೀರೆತ್ತುವ ಮೋಟರು ಮತ್ತು ಹಳ್ಳದ ಸಾಲಿನ ಹೊಲಗಳ ಮೋಟರುಗಳು ಇದ್ದದ್ದು ಕರೆಂಟಿನ ಒಂದೇ ಟ್ರಾನ್ಸ್‌ಫಾರ್ಮರಿಗೆ, ಊರವರ ಮಾತಿನಲ್ಲಿ ಟಿ.ಸಿ.ಗೆ. ಹೊಲದವರು ತಮ್ಮ ಮೋಟರು ಹಚ್ಚಿದರೆ ಕರೆಂಟು ಸೊರಗುತ್ತದೆ, ಊರಿನ ಮೋಟರು ಏದುಸಿರು ಬಿಡುತ್ತದೆ, ಟಾಕಿ ಅರ್ಧಕ್ಕೇ ನಿಲ್ಲುತ್ತದೆ. ಟಾಕಿ ಅರ್ಧವಿದ್ದರೆ ನೀರು ದಿಬ್ಬಕ್ಕೆ ಹತ್ತುವುದಿಲ್ಲ, ತಗ್ಗಿಗೆ ಓಡುತ್ತದೆ. ಅಮಾವಾಸ್ಯೆಯಂದು ಯಾವ ಹೊಲದಲ್ಲೂ ಮೋಟರು ಹಚ್ಚುವ ಪದ್ಧತಿಯಿಲ್ಲ. ಅಂದು ಟಾಕಿ ಕಂಠಮಟ್ಟ ತುಂಬುತ್ತದೆ. ಹಿಂದೆ ಅಂದು ತಗ್ಗಿನ ಓಣಿಗಳ ಪಾಳಿ ಇರುತ್ತಿತ್ತು, ವಾಡೆ ಓಣಿಗೆ ಅಂದಿನ ಪಾಳಿ ಸಿಕ್ಕಿದ್ದು ಸಭೆ ಇಟ್ಟ ಮೇಲೆಯೇ. ಟಾಕಿಯೊಳಗೆ ಎಷ್ಟಿದೆ ಎಂದು ಏಣಿ ಹತ್ತಿ ನೋಡುವ ಮೊಣಕಾಲು ಭೀಮಶ್ಯಾನಿಗೆ ಉಳಿದಿರಲಿಲ್ಲ. ಉಳಿದವರಿಗೆ ನೋಡುವ ಮನಸ್ಸಿರಲಿಲ್ಲ.

“ಹಳ್ಳದ ಸಾಲಿನ ಹೊಲಾ ಯಾರುವು?” ಎಂದಳು ಮಗಳು.

ಭೀಮಶ್ಯಾ ಈಗ ಗೋಡೆಯಿಂದ ಮುಖ ತಿರುಗಿಸಿದ. “ವಾಡೆ ಓಣಿಯವರುವು. ಎಲ್ಲಾಕಿಂತ ದೊಡ್ಡ ಮೋಟರ ಸುಧೀರಪ್ಪಂದು. ಕಬ್ಬು ಹಚ್ಯಾನಲ್ಲ.”

ಮರುದಿನ ಬೆಳಿಗ್ಗೆ ಅವನು ಚಾವಿ ಇಲ್ಲದೆ ದಿಬ್ಬ ಹತ್ತಿ ರಂಗೂಬಾಯಿಯ ಕಟ್ಟೆಯ ಮುಂದೆ ನಿಂತ. ಎಲ್ಲವನ್ನೂ ಹೇಳಿದ. ಈ ಸಲ ಸಮುದ್ರವನ್ನು ತರಲಿಲ್ಲ. ಒಮ್ಮೆ ತಂದು ಅನುಭವಿಸಿದ್ದ.

“ಅಂದರ ನಮ್ಮ ನೀರು ನಾವs ಕದೀತೀವಿ ಅಂತೀ?” ಎಂದಳು ರಂಗೂಬಾಯಿ.

“ಕದಿಯಾಕತ್ತೀರಿ ಅನ್ನೂದಿಲ್ರಿ. ನಾಳಿ ಒಂದಿನ ಟಾಕಿ ತುಂಬೂಮಟ ಹೊಲದ ಮೋಟರ ಬಂದ್ ಇಡಸ್ರಿ. ನಾಳಿ ಅಮಾಸಿನೂ ಅಲ್ಲ, ಹುಣ್ವಿನೂ ಅಲ್ಲ. ನೀರು ಬರಲಿಲ್ಲಂದ್ರ ಸಭಾ ಯಾಕ್ರಿ, ಚಾವಿ ನಿಮ್ಮ ಕಟ್ಟಿಮ್ಯಾಲs ಇಟ್ಟು ಹೊಕ್ಕೇನಿ. ಕಳ್ಳ ಅಂತ ಊರ ತುಂಬ ಹೇಳ್ರಿ.”

ಒಳಗಿನಿಂದ ಸುಧೀರ ಹೊರಬಂದ. “ಆಯೀ, ಕಬ್ಬಿಗೆ ನಾಳೆ ನೀರು ಹಾಯಿಸೂದದ. ಇವನ ಮಾತು ಕೇಳಬ್ಯಾಡ.”

ರಂಗೂಬಾಯಿ ಮಗನನ್ನೂ ಭೀಮಶ್ಯಾನನ್ನೂ ನೋಡಿದಳು. ಆಕೆ ಜಗಳಗಂಟಿ ನಿಜ; ಆದರೆ ಜಗಳದಲ್ಲಿ ಮೋಸ ಮಾಡುವವಳಲ್ಲ. “ನಾ ಇವಗ ಹತ್ತು ವರ್ಷ ಬೈದೀನಿ. ಒಂದು ದಿನ ಕಬ್ಬು ಒಣಗಿದರ ಸತ್ತು ಹೋಗೂದಿಲ್ಲ,” ಎಂದಳು.

ಮಗನ ಮೇಲೆ ಅವಳಿಗೆ ಅಷ್ಟೇ ನಂಬಿಕೆ. ಮರುದಿನ ನಸುಕಿನಲ್ಲಿ ಕೋಲು ಊರಿಕೊಂಡು ತಾನೇ ಹೊಲಕ್ಕೆ ಹೋಗಿ, ಮೋಟರು ಮನೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಳು. ಅಕ್ಕಪಕ್ಕದ ಹೊಲಗಳವರು ತಮ್ಮ ಮೋಟರು ಹಚ್ಚಲು ಬಂದವರು ಅವಳ ಕೋಲು ನೋಡಿ, ಏನೋ ಮರೆತವರಂತೆ ಹಿಂದಿರುಗಿದರು. ಕೋಟೆಯ ಬಾಗಿಲನ್ನು ಇಷ್ಟು ಚೆನ್ನಾಗಿ ಕಾದ ಸೇನಾಪತಿಗಳು ಕಡಿಮೆ.

ಟಾಕಿ ತುಂಬಿತು. ಭೀಮಶ್ಯಾ ವಾಡೆ ಓಣಿಯ ವಾಲ್ವು ತಿರುಗಿಸಿದ.

ಹೊಲದಲ್ಲಿ ರಂಗೂಬಾಯಿಯ ಮೊಬೈಲು ರಿಂಗಾಯಿತು. ಸೊಸೆ ಸಂಪದಾಳ ದನಿಗಿಂತ ಅದರ ಹಿಂದಿನ ಸದ್ದೇ ಜೋರಾಗಿತ್ತು. “ಅತ್ಯಾ! ಬಂದsದ! ಬೋಗುಣಿ ಸಾಲವಲ್ಲವು! ಅತ್ಯಾ, ಕೇಳಸ್ತದೇನ್ರಿ?”

“ಕೇಳಸ್ತದ,” ಎಂದಳು ರಂಗೂಬಾಯಿ.

ಶುಕ್ರವಾರದ ಸಭೆಯಲ್ಲಿ ಭೀಮಶ್ಯಾ ಬಾಯಿ ತೆರೆಯುವ ಮೊದಲೇ ಅವಳು ಎದ್ದು ನಿಂತಳು. “ಧೂಳಪ್ಪಾ, ಎಲ್ಲಾರಿಗೂ ಕೇಳಿಸೂ ಹಂಗ ಹೇಳ್ತೀನಿ. ಭೀಮಶ್ಯಾ ಕಳ್ಳ ಅಲ್ಲ. ನಮ್ಮ ನೀರು ಕುಡದದ್ದು ನಮ್ಮ ಮೋಟರ. ಟಾಕಿ ತುಂಬೂ ಹೊತ್ತಿನಾಗ ಇನ್ನ ನಮ್ಮ ಸಾಲಿನವರು ಯಾರೂ ಮೋಟರ ಹಚ್ಚಂಗಿಲ್ಲ. ಹಚ್ಚಿದವರ ಹೊಲಕ್ಕ ನಾನs ಬರ್ತೀನಿ.” ಸುಧೀರ ತನ್ನ ಚಪ್ಪಲಿಯ ಹೆಬ್ಬೆರಳ ಪಟ್ಟಿಯನ್ನು ಪರೀಕ್ಷಿಸುತ್ತಿದ್ದ.

ಧೂಳಪ್ಪನ ಮುಖ ಅರಳಿತು. “ಭೇಷ್! ಅಂದಮ್ಯಾಲೆ ಚಾವಿ ಭೀಮಶ್ಯಾನ ಕೈಯಾಗ ಗಟ್ಟಿ ಆತು. ಇನ್ನ ಅವನ ಕಡಿಂದ ಯಾರೂ ಕಸಗೊಳ್ಳೂ ಹಂಗಿಲ್ಲ!”

ಭೀಮಶ್ಯಾ ಎದ್ದು ಬಂದು ಚಾವಿಯನ್ನು ಮೇಜಿನ ಮೇಲೆ ಅಡ್ಡ ಇಟ್ಟ. ಮೇಜಿಗಿಂತ ಅದೇ ಉದ್ದವಿತ್ತು.

“ನಂದು ಸಾಕಾತ್ರಿ. ಕಳ್ಳ ಅನ್ನಿಸಿಕೊಂಡು ಬಿಡಬಾರದು ಅಂತ ಇಷ್ಟು ದಿನ ಹಿಡಕೊಂಡಿದ್ದೆ. ಈಗ ಅಲ್ಲ ಅಂತ ಆತಲ್ಲ.”

ಧೂಳಪ್ಪ ನಿಯಾಜನ ಕಡೆ ನೋಡಿದ. ನಿಯಾಜನಿಗೆ ಅದೇ ಕ್ಷಣದಲ್ಲಿ ಎಲ್ಲಿಂದಲೋ ಫೋನು ಬಂದು ಅವನು ಹೊರಗೆ ಹೋದ. ಸುಧೀರನ ಕಡೆ ನೋಡಿದ. ಸುಧೀರನಿಗೆ ಬೆನ್ನುನೋವು ಇರುವುದು ಊರಿಗೆ ಅಂದೇ ತಿಳಿದದ್ದು. ಇಷ್ಟು ವರ್ಷ ಕಸಿಯಬೇಕೆಂದಿದ್ದ ಚಾವಿ ಕೈಯಳತೆಯಲ್ಲಿ ಬಿದ್ದಿತ್ತು. ಒಂದು ಕೈಯೂ ಮುಂದೆ ಬರಲಿಲ್ಲ.

“ಭೀಮಶ್ಯಾ, ಹಂಗಾರ ನಾಳೆ ನೀರು?” ಎಂದಳು ರಂಗೂಬಾಯಿ. ಬಯ್ಯುವ ದನಿಯಲ್ಲ, ನಿಜವಾಗಿ ಕೇಳುವ ದನಿ.

“ಗೊತ್ತಿಲ್ರಿ ಬಾಯಾರ,” ಎಂದ ಭೀಮಶ್ಯಾ. ಅವನ ಬಾಯಲ್ಲಿ ಆ ಮಾತು ಅಷ್ಟು ರುಚಿಯಾಗಿರುತ್ತದೆಂದು ಅವನಿಗೇ ತಿಳಿದಿರಲಿಲ್ಲ.

ಮನೆಗೆ ಬಂದವನೇ ಮಂಚದ ಮೇಲೆ ಅಡ್ಡಾದ. ಮರುದಿನ ಬಿಸಿಲೇರುವ ಹೊತ್ತಿಗೆ ಮೂರೂ ಓಣಿಗಳ ಜನ ಖಾಲಿ ಕೊಡ ಹಿಡಿದು ಅವನ ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲರ ಮುಂದೆ ಧೂಳಪ್ಪ, ಚಾವಿ ಹೊತ್ತು ಡೊಂಕಾಗಿ. ಸಾವಂತ್ರವ್ವ ಹೊಸ್ತಿಲಲ್ಲಿ ಅಡ್ಡ ಕೂತು ಅಕ್ಕಿ ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ.

“ಮಲಗ್ಯಾರ,” ಎಂದಳು. “ಎಬ್ಬಸಂಗಿಲ್ಲ.”